ಎಲ್‌ಡಿಎಲ್ 100, ಅಪೊ-ಬಿ 118: ಯಾವುದನ್ನು ನಂಬೋದು?

ಪ್ರಶ್ನೆ:
12 ಗಂಟೆ ಏನೂ ತಿನ್ನದೆ ಕೊಟ್ಟ ರಕ್ತದ ರಿಪೋರ್ಟ್ ಇದು. ಒಟ್ಟು ಕೊಲೆಸ್ಟ್ರಾಲ್ 198, ಎಚ್‌ಡಿಎಲ್ (‘ಒಳ್ಳೆ’ ಕೊಲೆಸ್ಟ್ರಾಲ್) 36, ಟ್ರೈಗ್ಲಿಸರೈಡ್ (ರಕ್ತದಲ್ಲಿರೋ ಕೊಬ್ಬು) 310, ಎಲ್‌ಡಿಎಲ್ (‘ಕೆಟ್ಟ’ ಕೊಲೆಸ್ಟ್ರಾಲ್) 100, ಅಪೊ-ಬಿ (ಕೊಲೆಸ್ಟ್ರಾಲ್ ಹೊರೋ ಕಣಗಳ ಮೇಲಿನ ಪ್ರೋಟೀನ್) 118. ಎಲ್ಲವೂ ಡೆಸಿಲೀಟರಿಗೆ ಇಷ್ಟು ಮಿ.ಗ್ರಾಂ ಅನ್ನೋ ಲೆಕ್ಕ. ಎಲ್‌ಡಿಎಲ್ ಪರವಾಗಿಲ್ಲ, ಅಪೊ-ಬಿ ಮಾತ್ರ ಜಾಸ್ತಿ. ಲ್ಯಾಬಿನವರ ತಪ್ಪಾ?

ಉತ್ತರ 1:
ತಪ್ಪೇ ಇರಬೇಕಂತಿಲ್ಲ. ಆ 100 ಅಳೆದದ್ದಲ್ಲ, 1972ರ ಫ್ರೀಡ್‌ವಾಲ್ಡ್ ಸೂತ್ರದಲ್ಲಿ ಕಳೆದು ತೆಗೆದದ್ದು. 198ರಲ್ಲಿ ಎಚ್‌ಡಿಎಲ್ 36 ಕಳೆಯಿರಿ, ಟ್ರೈಗ್ಲಿಸರೈಡಿನ ಐದನೇ ಒಂದು ಭಾಗ, ಅಂದರೆ 62 ಕಳೆಯಿರಿ, ಸರಿಯಾಗಿ 100. ಟ್ರೈಗ್ಲಿಸರೈಡ್ ಹೊರೋ ವಿಎಲ್‌ಡಿಎಲ್ ಕಣಗಳಲ್ಲಿರೋ ಕೊಲೆಸ್ಟ್ರಾಲ್ ಆ ಐದನೇ ಒಂದು ಭಾಗದಷ್ಟು ಅನ್ನೋದು ಬರೀ ಅಂದಾಜು. ಟ್ರೈಗ್ಲಿಸರೈಡ್ ಏರಿದಷ್ಟೂ ಅಂದಾಜು ಕೆಡುತ್ತೆ, ಎಲ್‌ಡಿಎಲ್ ಇರೋದಕ್ಕಿಂತ ಕಡಿಮೆ ಕಾಣುತ್ತೆ. 400 ದಾಟಿದರೆ ಈ ಸೂತ್ರ ಬಳಸೋ ಹಾಗೇ ಇಲ್ಲ.

ಇನ್ನೊಂದು, ಇದೇ ಮುಖ್ಯ: ಎಲ್‌ಡಿಎಲ್ ಅನ್ನೋದು ರಕ್ತದಲ್ಲಿ ಕೊಲೆಸ್ಟ್ರಾಲ್ ಹೊರೋ ಕಣ; ಅದರ ಅಂಕಿ ಕಣಗಳೊಳಗಿನ ಕೊಲೆಸ್ಟ್ರಾಲಿನ ತೂಕ ಹೇಳುತ್ತೆ, ಕಣ ಎಷ್ಟಿವೆ ಅಂತ ಹೇಳಲ್ಲ. ಟ್ರೈಗ್ಲಿಸರೈಡ್ ಜಾಸ್ತಿ ಇದ್ದಾಗ ಸಿಇಟಿಪಿ ಅನ್ನೋ ಪ್ರೋಟೀನ್ ಎಲ್‌ಡಿಎಲ್ ಕಣದಿಂದ ಕೊಲೆಸ್ಟ್ರಾಲ್ ತೆಗೆದು ಟ್ರೈಗ್ಲಿಸರೈಡ್ ತುಂಬುತ್ತೆ. ಹೆಪಾಟಿಕ್ ಲೈಪೇಸ್ ಕಿಣ್ವ ಅದನ್ನು ಒಡೆದ ಮೇಲೆ ಕಣ ಸಣ್ಣದಾಗಿ, ಗಟ್ಟಿಯಾಗಿ ಉಳಿಯುತ್ತೆ. ಅಷ್ಟೇ 100 ಮಿ.ಗ್ರಾಂ ಹೊರೋಕೆ ಈಗ ಹೆಚ್ಚು ಕಣ ಬೇಕು. ಎಲ್‌ಡಿಎಲ್ ಇರಲಿ, ವಿಎಲ್‌ಡಿಎಲ್ ಇರಲಿ, ಕಣಕ್ಕೊಂದೇ ಅಪೊ-ಬಿ; ಹಾಗಾಗಿ 118 ಅನ್ನೋದು ತಲೆ ಎಣಿಕೆ. ರಕ್ತನಾಳದ ಗೋಡೆಗೆ ಹೊಕ್ಕು ಸಿಕ್ಕಿಕೊಳ್ಳೋದು ಕಣವೇ ಆದ್ದರಿಂದ ಎರಡಕ್ಕೂ ತಾಳೆಯಾಗದಿದ್ದಾಗ ಅಪೊ-ಬಿಯನ್ನೇ ನಂಬಿ.

ಪ್ರಶ್ನೆ ಕೇಳಿದವರು:
ಹಾಗಾದರೆ ಪ್ರತಿ ಸಲ ಅಪೊ-ಬಿ ಮಾಡಿಸಬೇಕಾ? ಎಚ್‌ಡಿಎಲ್ ಏರಿಸೋಕೆ ಮಾತ್ರೆ ಇದೆಯಾ?

ಉತ್ತರ 2:
ಅಪೊ-ಬಿ ಮಾಡಿಸೋಕೆ ಆಗದಿದ್ದರೆ ನಾನ್-ಎಚ್‌ಡಿಎಲ್, ಅಂದರೆ ಎಚ್‌ಡಿಎಲ್ ಬಿಟ್ಟು ಉಳಿದ ಕೊಲೆಸ್ಟ್ರಾಲ್ ನೋಡಿ, ಅದಕ್ಕೆ ಬೇರೆ ಪರೀಕ್ಷೆ ಬೇಡ. 198ರಲ್ಲಿ 36 ಕಳೆದರೆ 162. ಗುರಿ ಎಲ್‌ಡಿಎಲ್ ಗುರಿಗಿಂತ 30 ಹೆಚ್ಚು. ಎಲ್‌ಡಿಎಲ್ 100ರೊಳಗೆ ಇರಬೇಕಾದವರಿಗೆ ಇದು 130ರೊಳಗೆ. ಇಲ್ಲೂ ಮೀರಿದೆ, ಅಂದರೆ ಅಪೊ-ಬಿ ಹೇಳಿದ್ದನ್ನೇ ಇದೂ ಹೇಳ್ತಿದೆ.

ಎಚ್‌ಡಿಎಲ್ ಹಿಂದೆ ಬೀಳಬೇಡಿ. ಟಾರ್ಸೆಟ್ರಾಪಿಬ್ ಅನ್ನೋ ಔಷಧ ಅದನ್ನು ಚೆನ್ನಾಗಿಯೇ ಏರಿಸಿತ್ತು, ಆದರೆ ಔಷಧ ತಗೊಂಡವರಲ್ಲೇ ಸಾವು ಹೆಚ್ಚಾಗಿ 2006ರಲ್ಲಿ ಪ್ರಯೋಗ ನಿಲ್ಲಿಸಿದರು. ಟ್ರೈಗ್ಲಿಸರೈಡ್ 310 ಯಾಕೆ ಬಂತು ಅಂತ ಹುಡುಕಿ: ಎಚ್‌ಬಿಎ1ಸಿ (ಸಕ್ಕರೆ ಪರೀಕ್ಷೆ), ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಮೂತ್ರದ ಪ್ರೋಟೀನ್, ಮದ್ಯ, ಸ್ಟೀರಾಯ್ಡ್.

ಉತ್ತರ 3:
ಲೈಪೊಪ್ರೋಟೀನ್-ಎ (ಎಲ್‌ಡಿಎಲ್ ತರಹದ್ದೇ ಇನ್ನೊಂದು ಕಣ) ಒಮ್ಮೆ ನೋಡಿಸಿ. ಅದು ಬಹುಮಟ್ಟಿಗೆ ವಂಶದಿಂದ ಬರೋದು, ಸಾಮಾನ್ಯವಾಗಿ ಒಂದೇ ಸಲ ಸಾಕು. 50 ಮಿ.ಗ್ರಾಂ ದಾಟಿದರೆ ಅಪಾಯ ಹೆಚ್ಚು, ಎಲ್‌ಡಿಎಲ್ ಇಳಿಸೋ ಮಾತ್ರೆ ಸ್ಟ್ಯಾಟಿನ್ ಅದನ್ನು ಇಳಿಸಲ್ಲ.

ಡಾಕ್ಟರ್ ಸ್ಟ್ಯಾಟಿನ್ ಬರೆದರೆ 4ರಿಂದ 12 ವಾರದೊಳಗೆ ಮತ್ತೆ ರಕ್ತ ಕೊಡಿ. ಡೋಸ್ ದುಪ್ಪಟ್ಟು ಮಾಡಿದರೆ ಎಲ್‌ಡಿಎಲ್ ಇನ್ನೊಂದು ಶೇ. 6ರಷ್ಟು ಮಾತ್ರ ಇಳಿಯುತ್ತೆ. ಜೊತೆಗೆ ಎಜೆಟಿಮೈಬ್ ಅನ್ನೋ ಇನ್ನೊಂದು ಮಾತ್ರೆ ಸೇರಿಸಿದರೆ ಶೇ. 20ರ ಆಸುಪಾಸು. ಆಗಲೂ ಎಲ್‌ಡಿಎಲ್ ಒಂದನ್ನೇ ನೋಡದೆ ಅಪೊ-ಬಿ ಅಥವಾ ನಾನ್-ಎಚ್‌ಡಿಎಲ್ ಎಷ್ಟಿಳಿದಿದೆ ಅಂತ ಕೇಳಿ.