ಅಪ್‌ಡೇಟ್: ಮಳೆಗಾಲಕ್ಕೆ ಪುಸ್ತಕ ಕೇಳಿದ್ದೆ, ಓದಿದ್ದು ಇಷ್ಟು

ಸಾಗರದ ಮಳೆಯಲ್ಲಿ ಕರೆಂಟ್ ಇಲ್ಲದ ಸಂಜೆಗಳಿಗೆ ಏನು ಓದಲಿ ಅಂತ ಜೂನ್‌ನಲ್ಲಿ ಕೇಳಿದ್ದೆ. ಹೇಳಿದವರಿಗೆಲ್ಲ ಥ್ಯಾಂಕ್ಸ್.

ಮೊದಲು ಹಿಡಿದದ್ದು ನಾ. ಡಿಸೋಜರ ‘ದ್ವೀಪ’. ತೆಳ್ಳಗಿನ ಪುಸ್ತಕ, ಆದರೆ ಬೇಗ ಮುಗಿಸಲು ಆಗಲಿಲ್ಲ. ಶರಾವತಿ ನೀರು ಏರುತ್ತಿದೆ, ಗಣಪಯ್ಯ, ನಾಗವೇಣಿ ಮನೆ ಬಿಟ್ಟಿಲ್ಲ. ಆ ನದಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಮುಳುಗಡೆ ಮಾತು ಬಂದರೆ ನಮ್ಮಜ್ಜಿ ಈಗಲೂ ಬಿಟ್ಟುಬಂದ ಅಡಿಕೆ ಮರಗಳ ಲೆಕ್ಕ ಹೇಳುತ್ತಾರೆ. ನನಗೆ ಮಾತ್ರ ನೀರಿಗಿಂತ ಆ ಗಂಡ ಹೆಂಡಿರ ನಡುವಿನ ಅನುಮಾನವೇ ಜಾಸ್ತಿ ಭಯ ಹುಟ್ಟಿಸಿತು.

ತೇಜಸ್ವಿಯವರ ‘ಕರ್ವಾಲೊ’ ಇನ್ನೊಮ್ಮೆ ಓದಿದೆ. ಹಾರುವ ಓತಿಗಿಂತ ಮಂದಣ್ಣನೇ ಇಷ್ಟ, ಈ ಸಲವೂ.

ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಬೆಂಗಳೂರಿನ ಕತೆ. ಇರುವೆ ಕೊಲ್ಲುವ ಪುಟಗಳನ್ನು ಓದಿದ ಮೇಲೆ ಬೆಲ್ಲದ ಡಬ್ಬಿ ಸುತ್ತ ಲಕ್ಷ್ಮಣರೇಖೆ ಎಳೆಯಲು ಕೈಯೇ ಬರಲಿಲ್ಲ ಮಾರಾಯ್ರೆ!

ಪತ್ತೇದಾರಿ ಒಂದನ್ನು ಅರ್ಧಕ್ಕೆ ಬಿಟ್ಟೆ. ಕೊಲೆಗಾರ ಯಾರೆಂದು ಆಗಲೇ ಗೊತ್ತಾಗಿತ್ತು. ಹೆಸರು ಬೇಡ ಬಿಡಿ.

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಇನ್ನೂ ನಡೆದಿದೆ. ಯಾರು ಯಾವ ಮನೆಯವರು ಅಂತ ಹಳೇ ಕ್ಯಾಲೆಂಡರ್ ಹಿಂದೆ ಬರೆದುಕೊಂಡಿದ್ದೇನೆ. ಗುತ್ತಿ ತನ್ನ ನಾಯಿ ಹುಲಿಯನ ಜೊತೆ ಹೊರಟನೆಂದರೆ ಹೊತ್ತು ಹೋಗಿದ್ದೇ ತಿಳಿಯುವುದಿಲ್ಲ. ದಪ್ಪ ನೋಡಿ ಸುಮ್ನೆ ಹೆದರಬೇಡಿ.