ಫೋನಿಕ್ಸ್‌ಗೆ ‘ಧ್ವನಿಶಾಸ್ತ್ರ’ ಸರಿಯೇ? ಚಪ್ಪಾಳೆಯ ತುಂಡಿಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಅಂಗನವಾಡಿ ಮತ್ತು ಒಂದನೇ ತರಗತಿಯ ಮಕ್ಕಳಿಗೆ ಆಟದ ಮೂಲಕ ಓದು ಕಲಿಸುವ ಒಂದು ಕೈಪಿಡಿಯ ಕನ್ನಡ ಬರಹ ನೋಡಿಕೊಳ್ಳುತ್ತಿದ್ದೇನೆ. ಎರಡು ಪದಗಳ ಹತ್ತಿರ ಕೆಲಸ ನಿಂತಿದೆ. ನಿಮ್ಮ ಸಹಾಯ ಬೇಕು.

ಮೊದಲನೆಯದು ಫೋನಿಕ್ಸ್. ಕರಡಿನಲ್ಲಿ ಇದಕ್ಕೆ ‘ಧ್ವನಿಶಾಸ್ತ್ರ’ ಎಂದಿದೆ. ನನಗೆ ಇದು ಒಪ್ಪಿಗೆಯಿಲ್ಲ. ಮಾತಿನ ಸದ್ದುಗಳು ಬಾಯಲ್ಲಿ ಎಲ್ಲಿ ಹುಟ್ಟುತ್ತವೆ, ಹೇಗೆ ಹುಟ್ಟುತ್ತವೆ ಎಂದು ನೋಡುವುದು ಧ್ವನಿಶಾಸ್ತ್ರ. ಅದು ಫೊನೆಟಿಕ್ಸ್. ಫೋನಿಕ್ಸ್ ಅನ್ನುವುದು ಓದು ಕಲಿಸುವ ಒಂದು ರೀತಿ. ಇಂಗ್ಲಿಷಿನಲ್ಲಿ 26 ಅಕ್ಷರ, ಸುಮಾರು 44 ಸದ್ದು. ಅಕ್ಷರದ ಹೆಸರೇ ಬೇರೆ, ಅದರ ಸದ್ದೇ ಬೇರೆ. ‘ಸಿ, ಎ, ಟಿ’ ಎಂದು ಎಷ್ಟು ಸಲ ಹೇಳಿದರೂ ‘ಕ್ಯಾಟ್’ ಬರುವುದಿಲ್ಲ. ಅದಕ್ಕೇ ಅಲ್ಲಿ ಮೊದಲು ಸದ್ದು ಕಲಿಸಿ, ಆಮೇಲೆ ಸದ್ದುಗಳನ್ನು ಕೂಡಿಸಿ ಪದ ಓದಿಸುತ್ತಾರೆ.

ಕನ್ನಡಕ್ಕೆ ಇದೆಲ್ಲ ಬೇಡ, ನಾವು ಬರೆದಂತೆಯೇ ಓದುತ್ತೇವೆ ಅನ್ನುವವರು ಇದ್ದಾರೆ. ಮೂಲಾಕ್ಷರದ ಮಟ್ಟಿಗೆ ಅದು ನಿಜ. ‘ಗ’ದ ಹೆಸರೂ ಗ, ಸದ್ದೂ ಗ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ, ಸರ್ಕಾರಿ ಶಾಲೆಗಳ ಚಟುವಟಿಕೆ ಆಧಾರಿತ ಕಲಿಕೆಯಾದ ನಲಿಕಲಿಯಲ್ಲಿ ಅ ಆ ಇ ಈ ಸಾಲು ಬಿಟ್ಟು ರ, ಗ, ಸ, ದ, ಅ ಮೊದಲು ಬರುತ್ತವೆ. ಐದೇ ಅಕ್ಷರ ಕಲಿತ ಮಗು ಸರ, ದರ, ಅರಸ, ಅಗಸ ಓದಿಬಿಡುತ್ತದೆ. ಇಂಗ್ಲಿಷ್ ಫೋನಿಕ್ಸ್‌ನಲ್ಲಿ ಎಸ್, ಎ, ಟಿ, ಪಿ, ಐ, ಎನ್ ಮೊದಲು ಬರುವುದೂ ಇದೇ ಕಾರಣಕ್ಕೆ.

ತೊಡಕು ಇರುವುದು ಕಾಗುಣಿತದಲ್ಲಿ. ‘ಕ ಗುಡಿಸು ಕಿ, ಕ ಕೊಂಬು ಕು’ ಎಂದು ಮಕ್ಕಳು ರಾಗವಾಗಿ ಹೇಳುತ್ತಾರೆ. ಗುಡಿಸು ಅನ್ನುವುದು ಗುರುತಿನ ಹೆಸರು, ಅದರ ಸದ್ದು ‘ಇ’. ಕೊಂಬಿನ ಸದ್ದು ‘ಉ’. ‘ಸಿ, ಎ, ಟಿ’ಯ ಕಷ್ಟ ಇಲ್ಲಿ ನಮಗೂ ಬಂತು ಅಲ್ವಾ? ನಡುವಿನಿಂದ ‘ಮಿ’ ತೋರಿಸಿ ಕೇಳಿದರೆ, ಎಷ್ಟೋ ಮಕ್ಕಳು ‘ಮ, ಮಾ’ ಎಂದು ಮೊದಲಿಂದ ಹೇಳಿಕೊಂಡು ಬರುತ್ತಾರೆ. 34 ವ್ಯಂಜನಕ್ಕೆ 13 ಸ್ವರ ಸೇರಿದರೆ, ಒತ್ತಕ್ಷರ ಬಿಟ್ಟೇ 442 ರೂಪ. ಕನ್ನಡ ಮಕ್ಕಳ ಓದಿನ ಬಗ್ಗೆ 2007ರಲ್ಲಿ ಸಂಶೋಧಕಿ ಸೋನಾಲಿ ನಾಗ್ ಪ್ರಕಟಿಸಿದ ಅಧ್ಯಯನದಲ್ಲಿ, ಅಕ್ಷರ ಕಲಿಕೆ ನಾಲ್ಕನೇ ತರಗತಿಯಲ್ಲೂ ನಡೆಯುತ್ತಲೇ ಇರುತ್ತದೆ, ಬಿಡಿ ಸದ್ದಿನ ಅರಿವು ನಿಧಾನವಾಗಿ ಮೂಡುತ್ತದೆ ಎಂದಿದೆ. ಹಾಗಾಗಿ ಕೈಪಿಡಿಯಲ್ಲಿ ಒಂದು ಆಟ ಇಟ್ಟಿದ್ದೇವೆ. ಒಂದು ಮಗು ‘ಮ್‌ಮ್‌ಮ್’ ಅನ್ನುತ್ತಾ ನಿಲ್ಲುತ್ತದೆ. ‘ಇ’ ಚೀಟಿ ಹಿಡಿದ ಮಗು ಓಡಿ ಬಂದು ಅದರ ಕೈ ಹಿಡಿದ ಕೂಡಲೇ ಇಬ್ಬರೂ ‘ಮಿ’ ಅನ್ನಬೇಕು. ‘ಉ’ ಬಂದರೆ ‘ಮು’.

ಈ ಪಾಠಕ್ಕೆ ಹೆಸರೇನು? ಇಂಗ್ಲಿಷ್ ಕಲಿಕೆಯ ಮಾತು ಬಂದಾಗ ಫೋನಿಕ್ಸ್ ಹಾಗೇ ಇರಲಿ. ಕನ್ನಡಕ್ಕೆ ‘ಸದ್ದು ಕೂಡಿಸಿ ಓದುವುದು’ ಎಂದರೆ ಸಾಕು ಅನ್ನಿಸುತ್ತದೆ. ‘ಕೂಡಿಸಿ ಓದು’ ತರಗತಿಯಲ್ಲಿ ಈಗಾಗಲೇ ಇರುವ ಮಾತು. ಸದ್ದಿಗೆ ‘ಉಲಿ’ ಕೂಡ ಒಳ್ಳೆಯ ಪದವೇ, ಆದರೆ ಅಂಗನವಾಡಿ ಟೀಚರಿಗೆ ಮೊದಲು ಆ ಪದವನ್ನೇ ಬಿಡಿಸಿ ಹೇಳಬೇಕಾಗುತ್ತದೆ.

ಎರಡನೆಯದು ಇನ್ನೂ ಜಾಸ್ತಿ ಕಾಡುತ್ತಿದೆ. ಪದವನ್ನು ಚಪ್ಪಾಳೆ ತಟ್ಟಿ ಒಡೆಯುವ ಆಟ ನಿಮಗೆ ಗೊತ್ತು. ಮರಕ್ಕೆ ಎರಡು ಚಪ್ಪಾಳೆ, ಕಡಲೆಗೆ ಮೂರು. ಕರಡಿನಲ್ಲಿ ‘ಒಂದು ಅಕ್ಷರಕ್ಕೆ ಒಂದು ಚಪ್ಪಾಳೆ’ ಎಂದು ಬರೆದಿದ್ದಾರೆ. ಹಾಗಾದರೆ ‘ಬಸ್’? ಬರೆದರೆ ಎರಡು ಅಕ್ಷರ, ಚಪ್ಪಾಳೆ ಒಂದೇ. ‘ಅಕ್ಕ’ದಲ್ಲಿ ಎಣಿಕೆ ಸರಿಹೋಗುತ್ತದೆ, ತುಂಡು ಬೇರೆಯಾಗುತ್ತದೆ. ಬಾಯಿ ‘ಅಕ್–ಕ’ ಎಂದು ಒಡೆಯುತ್ತದೆ, ಬರಹ ‘ಅ–ಕ್ಕ’ ಎಂದು. ಛಂದಸ್ಸಿನವರು ಇದನ್ನು ಚೆನ್ನಾಗಿ ಗಮನಿಸಿದ್ದರು. ಪ್ರಸ್ತಾರ ಹಾಕುವಾಗ, ಅಂದರೆ ಪದ್ಯದ ಅಕ್ಷರಗಳಿಗೆ ಲಘು (ಒಂದು ಮಾತ್ರೆ), ಗುರು (ಎರಡು ಮಾತ್ರೆ) ಗುರುತು ಹಾಕುವಾಗ, ತುಂಡು ಬರಹದ್ದೇ, ಆದರೆ ಒತ್ತಕ್ಷರದ ಹಿಂದಿನ ‘ಅ’ಗೆ ಗುರು ಹಾಕುತ್ತೇವೆ. ಬಾಯಿಯ ಲೆಕ್ಕ ಆ ಗುರುವಿನೊಳಗೆ ಕೂತಿದೆ. ಐದು ವರ್ಷದ ಮಗುವಿಗೆ ಈ ದಾರಿ ಆಗುವುದಿಲ್ಲ.

ಮಕ್ಕಳ ಗುಟ್ಟಿನ ಭಾಷೆಯಲ್ಲಿ ಉತ್ತರ ಸಿಗಬಹುದು. ಪ್ರತಿ ತುಂಡಿನ ಮುಂದೆ ‘ಕ’ ಸೇರಿಸಿ ಮಾತಾಡುವ ಆಟ, ‘ನೀನು ಬಾ’ ಅನ್ನಲು ‘ಕನೀ ಕನು ಕಬಾ’. ನೀವು ಅದರಲ್ಲಿ ‘ಅಕ್ಕ’ ಹೇಗೆ ಹೇಳುತ್ತಿದ್ದಿರಿ? ‘ಕಅ ಕಕ್ಕ’ ಎಂದೋ, ‘ಕಅಕ್ ಕಕ’ ಎಂದೋ? ಓದು ಬಾರದ ಚಿಕ್ಕ ಮಕ್ಕಳು ಮನೆಯಲ್ಲಿದ್ದರೆ ಅವರ ಬಾಯಲ್ಲೂ ಹೇಳಿಸಿ ನೋಡಿ. ಓದು ಬಂದವರು ಬರಹ ನೋಡಿ ಒಡೆಯುವ ಸಾಧ್ಯತೆ ಇದೆ.

‘ಅಕ್ಷರ’ವನ್ನು ಬರೆಯುವ ಗುರುತಿಗೆ ಬಿಟ್ಟು, ಚಪ್ಪಾಳೆಯ ತುಂಡಿಗೆ ಬೇರೆ ಪದ ಬೇಕು. ‘ಉಚ್ಚಾರಾಂಶ’ ಮಗುವಿನ ನಾಲಿಗೆಗೆ ಭಾರ. ‘ತುಂಡು’, ‘ತಟ್ಟು’ ಎರಡನ್ನೂ ಬರೆದು ನೋಡಿದೆ. ‘ಈ ಪದಕ್ಕೆ ಎಷ್ಟು ತಟ್ಟು?’ ಅನ್ನುವುದು ನನಗೆ ಹಿಡಿಸಿದೆ. ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ?

ಜೊತೆಗೆ, ಕಾಗುಣಿತದ ಗುರುತುಗಳಾದ ಇಳಿ, ಗುಡಿಸು, ಕೊಂಬು, ಏತ್ವಕ್ಕೆ ಧಾರವಾಡ, ಕಲಬುರಗಿ, ಕುಂದಾಪುರದ ಕಡೆ ಬೇರೆ ಹೆಸರಿದ್ದರೆ ಊರಿನ ಹೆಸರು ಸೇರಿಸಿ ತಿಳಿಸಿ. ಕೈಪಿಡಿ ಎಲ್ಲ ಜಿಲ್ಲೆಗೂ ಹೋಗುತ್ತದೆ.