ಒರಳಿನ ಚಕ್ಕುಲಿಯ ಹಿಟ್ಟಿನಿಂದ ಕೈ ಚಕ್ಕುಲಿ ಸುತ್ತಲು ಸಾಧ್ಯವೇ?

ಪ್ರಶ್ನೆ (ತುಮಕೂರಿನಿಂದ):
ನಮಸ್ಕಾರ. ನಾಲ್ಕು ಅಳತೆ ಅಕ್ಕಿ ಹಿಟ್ಟಿಗೆ ಒಂದು ಅಳತೆ ಹುರಿದ ಉದ್ದಿನ ಹಿಟ್ಟು, ಬೆಣ್ಣೆ, ಜೀರಿಗೆ, ಉಪ್ಪು ಸೇರಿಸಿ ನಾವು ಒರಳಿನಲ್ಲಿ ಒತ್ತುವ ಚಕ್ಕುಲಿ ಗರಿಗರಿಯಾಗಿಯೇ ಬರುತ್ತದೆ. ಅದೇ ಹಿಟ್ಟನ್ನು ಶಿರಸಿ, ಸಿದ್ದಾಪುರದ ಕಡೆಯವರಂತೆ ಕೈಯಲ್ಲಿ ಹೊಸೆದು ಸುತ್ತಲು ಹೋದರೆ ಎಳೆ ಬಿರುಕು ಬಿಟ್ಟು ತುಂಡಾಗುತ್ತದೆ. ಇದಕ್ಕೆ ಕಾರಣ ಹಿಟ್ಟೇ, ಅಥವಾ ಕೈಗೆ ಅಭ್ಯಾಸವಿಲ್ಲದಿರುವುದೇ?

ಉತ್ತರ (ಸಿದ್ದಾಪುರದಿಂದ):
ಎರಡೂ ಹೌದು, ಆದರೆ ಮೊದಲು ಹಿಟ್ಟನ್ನೇ ನೋಡಬೇಕು. ಗೋಧಿಯಲ್ಲಿರುವ ಜಿಗುಟು ಅಕ್ಕಿಯಲ್ಲಿಲ್ಲವಾದ್ದರಿಂದ, ಚಕ್ಕುಲಿಯ ಹಿಟ್ಟನ್ನು ಹಿಡಿದಿಡುವುದು ಉದ್ದಿನ ಅಂಟು ಮತ್ತು ಬಿಸಿ ನೀರು ಬಿದ್ದಾಗ ಅರೆಬೆಂದು ಮೆತ್ತಗಾಗುವ ಅಕ್ಕಿಯ ಪಿಷ್ಟ, ಇವೆರಡೇ. ಒರಳು ಹಿಟ್ಟನ್ನು ಒತ್ತಿ ಹೊರದೂಡುವುದರಿಂದ ಸ್ವಲ್ಪ ಸಡಿಲವಿದ್ದರೂ ನಡೆಯುತ್ತದೆ. ಕೈಯಲ್ಲಿ ಎಳೆಯನ್ನು ತಿರುಚುತ್ತಲೇ ಸುತ್ತಬೇಕಾದ್ದರಿಂದ ಹಿಟ್ಟು ಬಾಗಬೇಕು, ಬಿರಿಯಬಾರದು. ಬೆಣ್ಣೆಯನ್ನು ಅರ್ಧಕ್ಕಿಳಿಸಿ, ಹಿಟ್ಟನ್ನು ನುಣ್ಣಗೆ ಜರಡಿ ಹಿಡಿದು, ಬಿಸಿ ನೀರಿನಲ್ಲಿ ಕಲಸಿ ಚೆನ್ನಾಗಿ ನಾದಿರಿ. ಇಡಿಯ ಜೀರಿಗೆಯ ಬಳಿಯೇ ಎಳೆ ಕಡಿಯುವುದರಿಂದ ಅದನ್ನು ಕುಟ್ಟಿ ಹಾಕಿರಿ. ನಮ್ಮಲ್ಲಿ ಚೌತಿಗೆ ಮುನ್ನ ನೆರೆಹೊರೆಯವರು ಹೆಂಗಸರು, ಗಂಡಸರೆನ್ನದೆ ಒಂದೊಂದು ಮನೆಯಲ್ಲಿ ಸೇರಿ ನಡೆಸುವ ಚಕ್ಕುಲಿ ಕಂಬಳದಲ್ಲಿ ಹಿಟ್ಟಿನ ಹದ ನೋಡುವ ಕೆಲಸವನ್ನು ನುರಿತ ಕೈಗೇ ಬಿಡುತ್ತಾರೆ. ಸುತ್ತುವುದನ್ನು ಮಕ್ಕಳೂ ಕಲಿಯುತ್ತಾರೆ, ಸೊಟ್ಟಗಾದರೂ ಯಾರೂ ಬೇಡವೆನ್ನುವುದಿಲ್ಲ.

ಉತ್ತರ (ಉಡುಪಿಯಿಂದ):
ಬೆಣ್ಣೆಯ ವಿಷಯದಲ್ಲಿ ನನ್ನದೊಂದು ತಕರಾರಿದೆ. ಬೆಣ್ಣೆ ತೀರಾ ಕಡಿಮೆಯಾದರೆ ಚಕ್ಕುಲಿ ಕಲ್ಲಿನಂತಾಗಿ, ಹಲ್ಲು ಗಟ್ಟಿಯಿದ್ದವರು ಮಾತ್ರ ತಿನ್ನುವಂತಾಗುತ್ತದೆ. ಅದರ ಬದಲು ಉದ್ದಿನಬೇಳೆಯನ್ನು ಹುರಿದು ಪುಡಿ ಮಾಡದೆ, ಮೆತ್ತಗೆ ಬೇಯಿಸಿ ನುಣ್ಣಗೆ ರುಬ್ಬಿ, ಆ ಹಿಟ್ಟಿನಲ್ಲೇ ಅಕ್ಕಿ ಹಿಟ್ಟನ್ನು ಕಲಸಿ ನೋಡಿರಿ. ಅಂಟು ಹೆಚ್ಚಿರುವುದರಿಂದ ಬೆಣ್ಣೆ ಇದ್ದರೂ ಎಳೆ ಕಡಿಯುವುದು ಕಡಿಮೆ.

ಪ್ರಶ್ನಿಸಿದವರು:
ಇಬ್ಬರಿಗೂ ಧನ್ಯವಾದಗಳು. ಬೇಯಿಸಿದ ಬೇಳೆಯಲ್ಲಿ ನೀರಿನಂಶ ಹೆಚ್ಚಿರುತ್ತದೆಯಲ್ಲವೇ? ಮರುದಿನಕ್ಕೇ ಚಕ್ಕುಲಿ ಮೆತ್ತಗಾಗುವುದಿಲ್ಲವೇ?

ಉತ್ತರ (ಸಿದ್ದಾಪುರದಿಂದ):
ಉರಿ ಜೋರಾಗಿದ್ದರೆ ಖಂಡಿತ ಆಗುತ್ತದೆ, ಏಕೆಂದರೆ ಹೊರಮೈ ಬೇಗ ಕೆಂಪಾಗಿ ಒಳಗಿನ ನೀರು ಹಾಗೆಯೇ ಉಳಿಯುತ್ತದೆ. ಎಣ್ಣೆ ಕಾದ ಮೇಲೆ ಉರಿಯನ್ನು ಮಧ್ಯಮಕ್ಕಿಳಿಸಿ, ಬಣ್ಣವನ್ನು ನೆಚ್ಚದೆ ಗುಳ್ಳೆಗಳನ್ನು ಗಮನಿಸಿರಿ: ನೀರು ಆವಿಯಾಗಿ ಹೋಗುತ್ತಿರುವವರೆಗೂ ಗುಳ್ಳೆ ಏಳುತ್ತದೆ, ಅದು ಅಡಗಿ ಎಣ್ಣೆ ಬಹುಮಟ್ಟಿಗೆ ಸುಮ್ಮನಾದಾಗ ತೆಗೆಯಬೇಕು. ಉಡುಪಿಯವರು ಹೇಳಿದ ಕ್ರಮದಲ್ಲಿ ಇದಕ್ಕೆ ಹೆಚ್ಚು ಹೊತ್ತು ಹಿಡಿಯುತ್ತದೆ. ಪೂರ್ತಿ ಆರಿದ ಮೇಲೆಯೇ ಡಬ್ಬಿಗೆ ತುಂಬಿರಿ, ಬಿಸಿಯಿದ್ದಾಗ ಮುಚ್ಚಿದರೆ ಒಳಗೆ ಬೆವರಿ ಮೆತ್ತಗಾಗುತ್ತದೆ.